ಮ್ಯಾಕ್ಸಿಮ್ ಮಾಸ್ಟರ ಕಂಪ್ಯೂಟರಿನಲ್ಲಿ ಉಳಿದ ಕಾಗದ

ಬಾವಿಕಟ್ಟೆಯ ಹತ್ತಿರ ಕೂತು ಬೂತಾಯಿ ಮೀನಿನ ತಲೆ ಮುರಿಯುತ್ತಿದ್ದೆ. ಇಪ್ಪತ್ತಮೂರನೆಯ ಮೀನಿಗೆ ಬಂದಾಗ ಟಿವಿ ರಿಪೇರಿಯ ಉಮಾನಾಥರು ಗೇಟು ತಳ್ಳಿ ಒಳಗೆ ಬಂದರು. ಬಗಲಲ್ಲಿ ಒಂದು ಮಾನಿಟರು, ಹೆಗಲ ಮೇಲೆ ವಯರುಗಳು.

"ಬಾಯಮ್ಮ, ಕೈ ತೊಳೆಯಿರಿ. ಇವತ್ತು ನಿಮ್ಮ ಕಾಗದ ಹೊರಗೆ ಬರುತ್ತದೆ."

"ಮೂವತ್ತಮೂರು ವರ್ಷ ಒಳಗೆ ಕೂತಿದೆ. ಇನ್ನು ಹನ್ನೆರಡು ಮೀನು ಆಗುವವರೆಗೆ ಕೂತಿರಲಿ."

ಕಾಗದದ ಕತೆ ಇಷ್ಟು. ನನ್ನ ನಾದಿನಿ ಸೆಲೀನಳ ಮಗಳು ಗ್ಲೋರಿಯಾಳ ಮದುವೆಯ ಮುನ್ನಾದಿನ ರೋಸ್ ಇತ್ತು. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ದಿನ. ಮಾಮಿಯಾಗಿ ನಾನು ಮುಂದೆ ನಿಲ್ಲಬೇಕಿತ್ತು. ಅದೇ ದಿನ ನನ್ನ ಏಳನೆಯ ತರಗತಿಯ ಪರೀಕ್ಷೆ. ರಾತ್ರಿ ಶಾಲೆಗೆ ಹೋಗಿ ಮೂವತ್ತೆಂಟನೆಯ ವಯಸ್ಸಿಗೆ ಅಲ್ಲಿಯವರೆಗೆ ಬಂದಿದ್ದೆ. ಪರೀಕ್ಷೆಗೆ ಹೋದೆ, ರೋಸ್‌ಗೆ ಹೋಗಲಿಲ್ಲ. ಅಂದಿನಿಂದ ಸೆಲೀನ್ ಭಾನುವಾರ ಇಗರ್ಜಿಯ ಮೆಟ್ಟಿಲಲ್ಲಿ "ಹುಷಾರಾ?" ಎನ್ನುತ್ತಾಳೆ, ನಾನು "ಹೂಂ" ಎನ್ನುತ್ತೇನೆ. ವರ್ಷಕ್ಕೆ ಐವತ್ತೆರಡು ಹುಷಾರಾ, ಐವತ್ತೆರಡು ಹೂಂ.

ನಮಗೆ ಪಾಠ ಹೇಳುತ್ತಿದ್ದ ಮ್ಯಾಕ್ಸಿಮ್ ಮಾಸ್ಟರು ಬಹರೈನಿನಿಂದ ಒಂದು ಕಂಪ್ಯೂಟರ್ ತಂದಿದ್ದರು. ಅದರಲ್ಲಿ ಒಂದೊಂದೇ ಅಕ್ಷರ ಕುಟ್ಟಿ, ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ, ಸೆಲೀನಳಿಗೆ ಕ್ಷಮೆ ಕೇಳುವ ಕಾಗದ ಬರೆದೆ. ಪ್ರಿಂಟರಿಗೆ ರಿಬ್ಬನ್ ಇರಲಿಲ್ಲ. ಬರುವ ತಿಂಗಳು ಬರುತ್ತದೆ ಎಂದರು ಮಾಸ್ಟರು. ರಿಬ್ಬನ್ ಬರಲಿಲ್ಲ, ಪರದೆ ಹಾಳಾಯಿತು, ಮಾಸ್ಟರೂ ತೀರಿಹೋದರು. ಕೈಯಲ್ಲೇ ಬರೆಯಬಹುದಿತ್ತಲ್ಲ ಎಂದು ಕೇಳಬೇಡಿ. ಒಂದೇ ತಪ್ಪಿಗೆ ಎರಡು ಸಲ ಕ್ಷಮೆ ಕೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಕಾಗದ ಬಹಳ ಚಂದ ಇತ್ತೆಂದು ಮಾತ್ರ ನೆನಪು.

ಈಗ ಗ್ಲೋರಿಯಾಳ ಮಗಳ ಮದುವೆ. ಶನಿವಾರ ರೋಸ್, ಕರೆಯೋಲೆ ಬಂದಿದೆ. ಕಾಗದ ಕೊಡದೆ ಆ ಅಂಗಳಕ್ಕೆ ಕಾಲಿಡಲು ನನ್ನಿಂದಾಗದು. ಹಾಗಿರುವಾಗ ಮಾಸ್ಟರ ಹೆಂಡತಿ ವಿಲ್ಮಾ ಫೋನ್ ಮಾಡಿ, "ಕಂಪ್ಯೂಟರನ್ನು ಗುಜರಿಯವನಿಗೆ ಕೊಡಲಾ, ನಿಮಗೆ ಬೇಕಾ?" ಎಂದು ಕೇಳಿದಳು. ಕೂಡಲೇ ಮನೆಗೆ ತರಿಸಿಕೊಂಡೆ. ನನ್ನ ಕಾಗದವಿದ್ದ ಫ್ಲಾಪಿಯೂ ಸೇರಿ ಎಲ್ಲ ಫ್ಲಾಪಿಗಳನ್ನು ಅವಳು ಬೂಷ್ಟು ಹಿಡಿಯಬಾರದೆಂದು ಹಾಲಿನ ಪುಡಿಯ ಡಬ್ಬಿಯಲ್ಲಿ ಅಕ್ಕಿಯೊಳಗೆ ಹೂತಿಟ್ಟಿದ್ದಳು.

ಮೀನು ಮುಗಿಸಿ ಒಳಗೆ ಬಂದು ಸ್ವಿಚ್ ಹಾಕಿದಾಗ ಯಂತ್ರ ಒಮ್ಮೆ 'ಬೀಪ್' ಎಂದಿತು.

"ಜೀವ ಉಂಟು," ಎಂದರು ಉಮಾನಾಥರು.

ಆದರೆ ಮಾನಿಟರಿನ ವಯರಿಗೆ ಹದಿನೈದು ಕಡ್ಡಿ, ಕಂಪ್ಯೂಟರಿನ ವೀಡಿಯೊ ಕಾರ್ಡಿನಲ್ಲಿ ಒಂಬತ್ತೇ ತೂತು. ಅವರು ಮಣಿಪಾಲಕ್ಕೆ ಹೋಗಿ, ಒಂಬತ್ತನ್ನು ಹದಿನೈದಕ್ಕೆ ಜೋಡಿಸುವ ಒಂದು ಕೊಂಡಿಯನ್ನು ಹುಡುಕಿ ಮಂಗಳವಾರ ಬಂದರು. ಕೊಂಡಿ ಕೂತಿತು. ಮಾನಿಟರು ಇಂಗ್ಲಿಷಿನಲ್ಲಿ ಎಂತದೋ ಒಂದು ಸಾಲು ಹೇಳಿ ಕಪ್ಪಾಯಿತು.

"ಎಂತ ಅಂತೆ?"

"ಆಗುವುದಿಲ್ಲವಂತೆ. ನಿಮ್ಮ ಕಂಪ್ಯೂಟರ್ ಸೆಕೆಂಡಿಗೆ ಹದಿನೈದು ಸಾವಿರ ಗೆರೆ ಎಳೆಯುತ್ತದೆ. ಈ ಹೊಸದಕ್ಕೆ ಮೂವತ್ತು ಸಾವಿರಕ್ಕಿಂತ ಕೆಳಗಿನದ್ದು ಕಣ್ಣಿಗೇ ಕಾಣುವುದಿಲ್ಲ."

"ಹಳೆ ಪಾದ್ರಿಯ ಪ್ರಸಂಗ ನಿಧಾನ ಎಂದು ಇಗರ್ಜಿಯಿಂದ ಎದ್ದು ಹೋದ ಹಾಗೆ."

"ಎದ್ದು ಹೋದದ್ದಲ್ಲ ಬಾಯಮ್ಮ, ಒಳಗೇ ಬರಲಿಲ್ಲ."

ಕಾರ್ಡಿನ ಮೂಲೆಯಲ್ಲಿ ಒಂದು ದುಂಡು ತೂತೂ ಇತ್ತು. ಅದರಿಂದ ಟಿವಿಗೆ ಚಿತ್ರ ಕೊಡಬಹುದೆಂದು ತಮ್ಮ ಅಂಗಡಿಯ ಹಳೆಯ ಡಬ್ಬ ಟಿವಿಯನ್ನು ತಂದು ವಯರು ಸಿಕ್ಕಿಸಿದರು. ಮಾಸ್ಟರು ಬಾಯಿಪಾಠ ಮಾಡಿಸಿದ್ದ ಆಜ್ಞೆಯನ್ನು ನಾನು ಕುಟ್ಟಿದೆ. ಫ್ಲಾಪಿ ಗರಗರ ಎಂದಿತು. ಅಕ್ಷರಗಳು ಬಂದವು! ಬಂದವು, ಆದರೆ ನಿಲ್ಲಲಿಲ್ಲ. ಬೆಂಕಿ ಕಂಡ ಇರುವೆಗಳ ಹಾಗೆ ಸಾಲುಸಾಲಾಗಿ ಮೇಲಕ್ಕೆ ಓಡಿದವು. ನಾನೂ ಕತ್ತನ್ನು ಕೆಳಗಿನಿಂದ ಮೇಲಕ್ಕೆ ಆಡಿಸುತ್ತಾ ಓದಿದೆ. ಅರ್ಧ ಗಂಟೆಯಲ್ಲಿ 'ಪ್ರೀತಿಯ ಸೆಲೀನ್' ಎಂಬಷ್ಟು ಸಿಕ್ಕಿತು, ಕತ್ತು ಹಿಡಿಯಿತು. ಚಿತ್ರ ನಿಲ್ಲಿಸುವ ತಿರುಗಣೆಯನ್ನು ಉಮಾನಾಥರು ತಿರುಗಿಸಿದರು. ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಅದು ಕೈಗೇ ಬಂತು.

"ಈ ಕಾರ್ಡು ಅಮೆರಿಕದ ಪದ್ಧತಿಯದ್ದು, ನಮ್ಮ ಟಿವಿಯದ್ದು ಬೇರೆ ಪದ್ಧತಿ," ಎಂದರು. "ಎರಡೂ ಗೊತ್ತಿರುವುದು ಆ ಕಾಲದಲ್ಲಿ ಗಲ್ಫಿನಿಂದ ತಂದ ಟಿವಿಗೆ ಮಾತ್ರ. ಹಿಂದೆ ಒಂದು ಗುಂಡಿ ಇರುತ್ತದೆ."

"ಅಂಥದ್ದು ಈಗ ಎಲ್ಲಿ ಉಂಟು?"

ಅವರು ತಲೆ ಕೆರೆದುಕೊಂಡರು. "ಕಾಪುವಿನಲ್ಲಿ ನನಗೆ ಗೊತ್ತಿದ್ದ ಹಾಗೆ ಒಂದೇ. ಕ್ರಿಸ್ಮಸಿಗೆ ನಾನೇ ರಿಪೇರಿ ಮಾಡಿದ್ದು. ಸೆಲೀನ್ ಬಾಯಿಯ ಮನೆಯಲ್ಲಿ."

ಗೋಡೆಯ ಮೇಲಿದ್ದ ಯೇಸುವಿನ ಪಟ ನೋಡಿದೆ. ಸಹಾಯ ಮಾಡುವ ಮುಖ ಕಾಣಲಿಲ್ಲ.

ಬುಧವಾರ ಬೆಳಿಗ್ಗೆ ಕಂಪ್ಯೂಟರನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಹೋದೆ, ಜೊತೆಗೆ ಉಮಾನಾಥರು. ಸೆಲೀನ್ ಅಂಗಳದಲ್ಲಿ ನಿಂತು ಚಪ್ಪರದವರಿಗೆ ಬೈಯುತ್ತಿದ್ದಳು. ನನ್ನನ್ನು ಕಂಡು ಬೈಗುಳ ಅರ್ಧಕ್ಕೆ ನಿಂತಿತು.

"ಎಂತ ಎಲಿಜಾ, ರೋಸ್‌ಗೆ ಮೂರು ದಿನ ಮುಂಚೆಯೇ? ಕಳೆದ ಸಲದ್ದನ್ನೂ ಸೇರಿಸಿ ಬಂದೆಯಾ?"

"ನಿನ್ನ ಟಿವಿ ಬೇಕಿತ್ತು. ಹತ್ತು ನಿಮಿಷ."

"ಇಷ್ಟು ವರ್ಷಕ್ಕೆ ಮನೆಗೆ ಬಂದದ್ದು ಟಿವಿಗಾ! ಬಾ. ಅದೂ ನನ್ನ ಹಾಗೆಯೇ, ಎರಡು ಬಡಿದರೆ ಮಾತ್ರ ಮಾತಾಡುತ್ತದೆ."

ಅವಳು ಅಡುಗೆಮನೆಗೆ ಹೋದಾಗ ಬೇಗ ಬೇಗ ನಕಲು ಮಾಡಿಕೊಳ್ಳುವುದೆಂದು ನನ್ನ ಯೋಚನೆ. "ಒಂದು ಚಾ ಸಿಗುತ್ತದಾ?" ಎಂದೆ.

"ಮೊದಲು ಸಿನೆಮಾ, ಆಮೇಲೆ ಚಾ," ಎಂದು ಅವಳು ಟಿವಿಯ ಎದುರಿಗೇ ಕುರ್ಚಿ ಎಳೆದು ಕೂತಳು.

ಉಮಾನಾಥರು ಹಿಂದಿನ ಗುಂಡಿ ಒತ್ತಿದರು. ಅಕ್ಷರಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತವು. ಆ ಸಂತೋಷಕ್ಕೆ ಅವರು ಗಟ್ಟಿಯಾಗಿ ಓದಿಯೇಬಿಟ್ಟರು. "ಪ್ರೀತಿಯ ಸೆಲೀನ್, ನಾನು ರೋಸ್‌ಗೆ ಬಾರದ್ದು ತಪ್ಪು. ಕ್ಷಮಿಸು. ಆದರೆ ನೀನೂ ಸ್ವಲ್ಪ ಯೋಚಿಸು."

ಆ 'ಆದರೆ' ನನಗೆ ನೆನಪೇ ಇರಲಿಲ್ಲ. ಅದರ ನಂತರ ಹದಿನಾಲ್ಕು ಸಾಲು ಇತ್ತು. ಚಪ್ಪರದವರು ಕಿಟಕಿಯಲ್ಲಿ ಇಣುಕಿದರು.

"ನನ್ನ ಪಾಯಸದಲ್ಲಿ ಇರುವೆ ಇತ್ತೆಂದು ನೀನು ಊರಿಗೆಲ್ಲ ಹೇಳಿದ್ದು..." ಉಮಾನಾಥರ ದನಿ ಇಳಿಯತೊಡಗಿತು. "ಬಾಯಮ್ಮ, ವೋಲ್ಟೇಜ್ ಕಡಿಮೆ ಉಂಟು, ಆಫ್ ಮಾಡಲಾ?"

"ಆಫ್ ಮಾಡಿದರೆ ಕೈ ಮುರಿಯುತ್ತೇನೆ. ಓದಿ ಮಾರಾಯರೆ!" ಎಂದಳು ಸೆಲೀನ್.

ಅವರು ಪಿಸುಗುಟ್ಟುತ್ತಾ ಓದಿದರು. "ನಾನು ಹೆಬ್ಬೆಟ್ಟು ಒತ್ತುವವಳೆಂದು ಬೀಗರ ಎದುರು ನೀನು ನಕ್ಕೆ. ಅದಕ್ಕೇ ನಾನು ಪರೀಕ್ಷೆಗೆ ಹೋದದ್ದು."

ಸೆಲೀನ್ ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡಳು.

"ಇರುವೆ ಇದ್ದದ್ದು ಹೌದು," ಎಂದಳು ಸೆಲೀನ್.

"ಒಂದೇ ಇತ್ತು."

"ನಕ್ಕದ್ದೂ ಹೌದು." ಅವಳು ಎದ್ದು, ಧೂಳಿಲ್ಲದ ಟಿವಿಯ ತಲೆಯನ್ನು ಸೆರಗಿನಿಂದ ಒರೆಸಿದಳು. "ಪಾಸಾದೆಯಾ?"

ಈ ಪ್ರಶ್ನೆ ಅವಳು ಒಮ್ಮೆಯೂ ಕೇಳಿರಲಿಲ್ಲ.

"ಪಾಸು. ಗಣಿತದಲ್ಲಿ ಮೂವತ್ತಾರು."

"ನನಗೆ ಅಷ್ಟೂ ಬಂದಿರಲಿಲ್ಲ," ಎಂದಳು. "ಸರಿ, ಈ ಕಾಗದ ನನಗೆ ಕಳುಹಿಸು."

"ಓದಿಯಾಯಿತಲ್ಲ!"

"ಓದಿದ್ದು ಇವರು, ಕೇಳಿದ್ದು ಚಪ್ಪರದವರು. ನನ್ನ ಹೆಸರಿನ ಕಾಗದ ಅಂಚೆಯಲ್ಲಿ ನನ್ನ ಕೈಗೆ ಬರಬೇಕು. ಇರುವೆಯ ವಿಷಯಕ್ಕೆ ಉತ್ತರ ಬರೆಯಲಿಕ್ಕುಂಟು. ಟಿವಿಗೆ ಉತ್ತರ ಬರೆಯಲಿಕ್ಕಾಗುತ್ತದಾ?"

ಅವಳೇ ಹಾಳೆ, ಪೆನ್ನು, ಚಾ ತಂದಿಟ್ಟಳು. ಪರದೆ ನೋಡಿ ನಾನು ಕನ್ನಡ ಅಕ್ಷರದಲ್ಲಿ ಇಳಿಸತೊಡಗಿದೆ. ಇರುವೆಯ ಸಾಲನ್ನು ಹಾರಿಸಲು ನೋಡಿದಾಗ ಬೆನ್ನ ಹಿಂದಿನಿಂದ, "ಒಂದು ಬಿಟ್ಟೆ," ಎಂಬ ದನಿ ಬಂತು. ಎಲ್ಲವನ್ನೂ ಬರೆದೆ. ಕೊನೆಗೆ ಕಂಪ್ಯೂಟರಿನಲ್ಲಿ ಇಲ್ಲದ ಒಂದು ಸಾಲನ್ನು ಕೈ ಅಡ್ಡ ಹಿಡಿದು ಸೇರಿಸಿದೆ: 'ಶನಿವಾರ ಬರುತ್ತೇನೆ. ತೆಂಗಿನಕಾಯಿ ನಾನು ತುರಿಯುತ್ತೇನೆ.'

ಅಂಚೆ ಕಚೇರಿಯಲ್ಲಿ ಕೂತಿದ್ದ ಹುಡುಗಿ ವಿಳಾಸ ನೋಡಿದಳು. "ಇದು ಇಲ್ಲೇ ಹಿಂದಿನ ರಸ್ತೆ ಅಲ್ವಾ? ಕೈಯಲ್ಲೇ ಕೊಡಬಹುದಿತ್ತು ಬಾಯಮ್ಮ."

"ಶನಿವಾರದೊಳಗೆ ಮುಟ್ಟುತ್ತದಾ, ಅದನ್ನು ಹೇಳು."

"ನಾಳೆಯೇ ಮುಟ್ಟುತ್ತದೆ," ಎಂದು ಅವಳು ಮುದ್ರೆ ಒತ್ತಿ, ಕಾಗದವನ್ನು ಚೀಲಕ್ಕೆ ಹಾಕಿದಳು.