ಶಾಂತಮಲ್ಲಮ್ಮನವರು ಕೂತ ಕಾರು

ನನ್ನನ್ನು ಮುಂಗೋಪಿ ಅನ್ನಿ, ಬಾಯಿಬಡುಕ ಅನ್ನಿ, ಒಪ್ಪಿಕೊಳ್ಳುತ್ತೇನೆ. ಬ್ಯಾಟರಿ ನೋಡಿಕೊಳ್ಳಲು ಬಾರದವನು ಎಂದು ಮಾತ್ರ ಅನ್ನಬೇಡಿ. ತಾಳವಾಡಿಯಲ್ಲಿ ಈಗಲೂ ಕೆಲವರು ನನ್ನನ್ನು ಅನ್ನುವುದು ಅದೊಂದನ್ನೇ. ಇಷ್ಟು ದಿನ ಕೇಳಿಯೂ ಕೇಳದವನ ಹಾಗೆ ಇದ್ದೆ. ತಿಗನಾರೆಯ ಮಾದಯ್ಯನವರೂ ಹೋದ ಮೇಲೆ ಇನ್ನು ಯಾರ ಮನಸ್ಸೂ ನೋಯುವುದಿಲ್ಲ, ಹೇಳಿಬಿಡುತ್ತೇನೆ.

ಎಂಬತ್ತಾರನೆಯ ಇಸವಿಯ ಬೇಸಿಗೆ. ನಾನು, ಚಿಕ್ಕಸಿದ್ದ, ಕಲ್ಲು ಕ್ವಾರಿಯ ಮೊದಲಾಳಿಯ, ಅಂದರೆ ಮಾಲೀಕರ, ಕಾರು ಓಡಿಸುತ್ತಿದ್ದೆ. ಬಿಳಿ ಅಂಬಾಸಡರ್. ಮೊದಲಾಳಿ ಈರೋಡು ಕಡೆಯವರು, ಸೆಕೆ ತಡೆಯದ ಮೈ. ಕಾರಿಗೆ ಎ.ಸಿ. ಹಾಕಿಸಿದ್ದರು. ಬೆಟ್ಟದ ಮೇಲೆ ಅಂಥ ಕಾರು ಇನ್ನೊಂದಿರಲಿಲ್ಲ. ಅದು ನಿಂತ ಕಡೆ ಅಡಿಯಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿ ಸಂತೆಗೆ ಬಂದವರು, “ಕಾರ್‌ಗೂ ಬೆವರು ಬತ್ತದೆ ಕಣ್ಲಾ” ಎಂದು ನಗುತ್ತಿದ್ದರು.

ಎ.ಸಿ. ಅಂದರೆ ಬಿಟ್ಟಿ ಬರುವ ತಂಪಲ್ಲ. ಮೊದಲಾಳಿ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರೆ ಮುಂದೆ ಬಾನೆಟ್ಟಿನಡಿ ಬ್ಯಾಟರಿ ಬೇಯುತ್ತಿರುತ್ತದೆ. ಬೇಸಿಗೆಯಲ್ಲಿ ಬ್ಯಾಟರಿ ಅನ್ನುವುದು ಕೊಟ್ಟಿಗೆಯಲ್ಲಿ ಕಟ್ಟಿದ ದನವಿದ್ದ ಹಾಗೆ. ಬಾಯಾರಿದರೆ ತಾನಾಗಿ ಹೋಗಿ ಕುಡಿಯಲಾರದು, ನಾವೇ ನೋಡಿ ನೀರು ಕೊಡಬೇಕು. ಪ್ರತಿ ಭಾನುವಾರ ಮುಚ್ಚಳಗಳನ್ನೆಲ್ಲ ಬಿಚ್ಚಿ, ಚಾಮರಾಜನಗರದಿಂದ ತರಿಸಿದ ಬಾಟಲಿ ನೀರು ಹಾಕುತ್ತಿದ್ದೆ. ಕೈಗೆ ಸಿಕ್ಕಿದ ಬಾವಿ ನೀರು ಸುರಿಯುವ ಡ್ರೈವರುಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ತಂತಿ ಕಚ್ಚುವ ಕಡೆ ವ್ಯಾಸಲೀನ್ ಸವರುತ್ತಿದ್ದೆ. ನನ್ನ ಹೆಂಡತಿ ಕೇತಮ್ಮ, “ನಿನ್ ತಲೆ ಎಣ್ಣೆ ಕಂಡು ಎಷ್ಟ್ ದಿನ ಆಯ್ತು, ಅದ್ಕೆ ಮಾತ್ರ ವಾರವಾರ ಉಪಚಾರ” ಎಂದು ಆಡಿಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ಮಾದಯ್ಯನವರ ಹೆಂಡತಿ ಶಾಂತಮಲ್ಲಮ್ಮನವರು ತೀರಿಕೊಂಡರು. ಮಾದಯ್ಯನವರು ತಿಗನಾರೆಯಲ್ಲಿ ಹೊಲ ಮನೆ ಇದ್ದ ಶಿವಭಕ್ತರು. ಶಾಂತಮಲ್ಲಮ್ಮನವರಿಗೆ ಒಬ್ಬನೇ ಅಣ್ಣ, ಹನೂರು ಕಡೆಯ ಗುರುಮಲ್ಲಪ್ಪ. ಯಾವುದೋ ಮದುವೆಯಲ್ಲಿ ಮೊದಲ ತಾಂಬೂಲ ತನಗೆ ಕೊಡಲಿಲ್ಲ ಎಂದು ಮುನಿಸಿಕೊಂಡು ಹೋದವರು ಆಮೇಲೆ ತಂಗಿಯ ಹೊಸಿಲು ತುಳಿದಿರಲಿಲ್ಲ. ಒಂದು ವೀಳ್ಯದೆಲೆಗೆ ಇಷ್ಟು ವರ್ಷದ ಸಿಟ್ಟು. ಮನುಷ್ಯರ ಯೋಗ್ಯತೆಯೇ ಇಷ್ಟು. ಹಾಸಿಗೆ ಹಿಡಿದ ಮೇಲೆ ಶಾಂತಮಲ್ಲಮ್ಮನವರು ಗಂಡನ ಕೈಲಿ ಭಾಷೆ ತೆಗೆದುಕೊಂಡಿದ್ದರಂತೆ. “ನಮ್ಮಣ್ಣ ಬಂದು ಮಕ ನೋಡ್ದೆ ನನ್ನ ಮಣ್ಣಿಗಿಡ್‌ಬ್ಯಾಡಿ.”

ಸೋಮವಾರ ಸಂಜೆ ಜೀವ ಹೋಯಿತು. ಅಣ್ಣ ಊರಿನಲ್ಲಿರಲಿಲ್ಲ, ಮಾದೇಶ್ವರನ ಬೆಟ್ಟಕ್ಕೆ ಹೋಗಿದ್ದರು. ಸುದ್ದಿ ಮುಟ್ಟುವ ಹೊತ್ತಿಗೆ ಮಂಗಳವಾರ ಬೆಳಗಾಗಿತ್ತು. ಹೊರಟಿದ್ದೇನೆ, ಸಂಜೆ ಬಸ್ಸಿಗೆ ಬರುತ್ತೇನೆ, ಕಾಯಿರಿ ಎಂದು ಕ್ವಾರಿ ಆಫೀಸಿನ ಫೋನಿಗೆ ಹೇಳಿ ಕಳಿಸಿದರು. ಕಾಯುತ್ತೇನೆ ಎಂದು ಮಾದಯ್ಯನವರು ಅದೇ ಫೋನಿನಲ್ಲಿ ಮಾತು ಕೊಟ್ಟರು.

ಕಾಯುವುದು ಹೇಗೆ? ಆ ಬಿಸಿಲು ಮನುಷ್ಯರನ್ನೇ ಕೊಳೆಸುವಂತಿತ್ತು. ಮಾದಯ್ಯನವರ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಹೂವು ಮುಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತ ಹಾಗೆಯೇ ಗುಣಿಗೆ ಇಳಿಸುತ್ತಾರೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನಡುಮನೆಯಲ್ಲಿ ಊದುಬತ್ತಿಯನ್ನು ಮೀರಿದ ವಾಸನೆ ಶುರುವಾಗಿತ್ತು. ಆಗ ಮೊದಲಾಳಿ ಬಂದರು. ಮಾದಯ್ಯನವರ ಹೊಲದ ಮೂಲೆಯಲ್ಲಿದ್ದ ಕರಿಬಂಡೆಯ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣಿತ್ತು. ಕಣ್ಣೊರೆಸಿಕೊಂಡು, “ಅಮ್ಮಾವೈ ಎನ್ ಕಾರ್‌ಲ ಉಕ್ಕಾರ ವೈಂಗ” ಎಂದರು. ಅಮ್ಮನನ್ನು ನನ್ನ ಕಾರಿನಲ್ಲಿ ಕೂರಿಸಿ, ಸಂಜೆವರೆಗೂ ಏನೂ ಆಗುವುದಿಲ್ಲ ಎಂದು. ಹೇಳಿ, ಲಾರಿ ಹತ್ತಿ ಸತ್ಯಮಂಗಲಕ್ಕೆ ಇಳಿದುಬಿಟ್ಟರು. ಪುಣ್ಯ ಅವರಿಗೆ, ಪಾಡು ನನಗೆ.

ಕಾರಿಗೆ ಹೆಣವೇ ಎಂದು ಊರ ಹಿರಿಯರು ಗುಸುಗುಸು ಮಾಡಿದರು. ಪೂಜೆಗೆ ಬಂದಿದ್ದ ಅಯ್ನೋರು, “ಕೂತಿರ್‌ಬೇಕು ಅಷ್ಟೇಯ. ಗೋಡೆಗಾದ್ರೇನು, ಸೀಟಿಗಾದ್ರೇನು” ಎಂದು ಬಾಯಿ ಮುಚ್ಚಿಸಿದರು. ಕಾರನ್ನು ಮನೆ ಮುಂದಿನ ಹುಣಸೆಮರದ ನೆರಳಿಗೆ, ಮೂತಿ ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದೆ. ಕೂತ ಭಂಗಿಯಲ್ಲೇ ಸೆಟೆದಿದ್ದ ಶಾಂತಮಲ್ಲಮ್ಮನವರು ಹಿಂದಿನ ಸೀಟಿನಲ್ಲಿ, ಮೊದಲಾಳಿ ಕೂರುವ ಜಾಗದಲ್ಲೇ, ಹೇಳಿ ಮಾಡಿಸಿದಂತೆ ಕೂತರು. ಜೀವ ಇದ್ದಾಗ ಆ ತಾಯಿ ಕಾರು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ಆಗ ಮಾದಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು.

“ಸಿದ್ದ, ಎಣದ್ ಮುಂದೆ ದೀಪ ಆರ್‌ಬಾರ್ದು ಕಣ್ಲಾ. ಗಾಜು ಏರ್ಸುದ್ರೆ ಒಳ್ಗೆ ಅಣತೆ ಮಡ್ಗಕ್ಕಾಯ್ತದಾ?”

“ಆಗಕಿಲ್ಲ ಬುದ್ಧಿ. ಒಗೆ ತುಂಬ್ಕತದೆ.”

“ಅವ್ಳು ಕತ್ಲು ಅಂದ್ರೆ ಎದರ್ಕತಿದ್ಲು. ಕೊಟ್ಗೆಗೋಗಕ್ಕೂ ನಾನೇ ಲಾಟೀನ್ ಇಡೀಬೇಕಾಗಿತ್ತು. ನಾನು ಆಡ್ಕಂಡು ನಗ್ತಿದ್ದೆ.”

ಕಾರಿನ ಸೂರಿನಲ್ಲಿದ್ದ ಪುಟ್ಟ ದೀಪ ಹಾಕಿ ತೋರಿಸಿದೆ. ಅವರು ಅದನ್ನು ಬಗ್ಗಿ ನೋಡಿದರು. ಹಗಲಿನಲ್ಲಿ ಅದು ಉರಿಯುತ್ತಿದೆಯೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ. “ಇಷ್ಟೇಯಾ” ಎಂದರು.

ನಾನು ಇಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿ, ಆಕ್ಸಿಲರೇಟರಿನ ಮೇಲೆ ಒಂದು ಕಲ್ಲಿಟ್ಟೆ. ನಿಂತ ಕಾರಿನ ಇಂಜಿನ್ ತೀರಾ ನಿಧಾನ ಓಡಿದರೆ ಡೈನಮೋ ಬ್ಯಾಟರಿಗೆ ಏನೂ ಕೊಡುವುದಿಲ್ಲ, ಎ.ಸಿ. ಮಾತ್ರ ಎಳೆಯುತ್ತಲೇ ಇರುತ್ತದೆ. ಕಲ್ಲಿಟ್ಟರೆ ಕೊಡುವುದೂ ಎಳೆಯುವುದೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಸಂಜೆವರೆಗೆ ದಾಟಿಸಬಹುದು ಎಂದು ನನಗೆ ಧೈರ್ಯವಿತ್ತು. ಬೇರೇನಾದರೂ ಒಂದು ಹನಿ ಹೆಚ್ಚಿಗೆ ಎಳೆದರೂ ದಾಟುತ್ತಿರಲಿಲ್ಲ.

ಆಮೇಲೆ ಅಯ್ನೋರು ಕಾರಿಗೇ ವಿಭೂತಿ ಹಚ್ಚಿ ಪೂಜೆ ಮಾಡಿದರು. ಮುಗಿದ ಮೇಲೆ ನನ್ನ ಕಡೆ ನೋಡಿ, “ಪೂಜೆ ಆಗದೆ. ಇನ್ನು ನೀನು ಮುಟ್‌ಬ್ಯಾಡ, ಅತ್ಲಾಗೋಗಿ ಕೂತ್ಕೊ” ಎಂದರು. ದಿನವೂ ಅದೇ ಕಾರನ್ನು ತೊಳೆಯುವವನು ನಾನು, ಅದರೊಳಗೆ ಕೂತು ಬುತ್ತಿ ಉಣ್ಣುವವನು ನಾನು. ನನಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟು ಏರಿತು. ಸತ್ತ ಮನೆ ಎಂದು ನುಂಗಿಕೊಂಡು, ಕಾರಿನ ಹಿಂದೆ ದೂರದಲ್ಲಿದ್ದ ಹುಲ್ಲುಮೆದೆಯ ಹತ್ತಿರ ಹೋಗಿ ಕೂತೆ.

ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಕಾರಿನ ಬೆನ್ನು ಮತ್ತು ಗಾಜಿನೊಳಗೆ ಹೂವು ಮುಡಿದ ಒಂದು ತಲೆ. ಅಡಿಯಲ್ಲಿ ಎ.ಸಿ. ನೀರು ತೊಟ್ಟಿಕ್ಕಿ ಸಣ್ಣ ಮಡುವಾಗಿತ್ತು. ಕೋಳಿಗಳು ಬಂದು ಕುಡಿಯುತ್ತಿದ್ದವು. ಹೆಂಗಸರು ಜಗಲಿಯಲ್ಲಿ ಕೂತು ಹಾಡಿ ಅಳುತ್ತಿದ್ದರು. ಮಾದಯ್ಯನವರು ಒಮ್ಮೆ ಕಾರಿನ ಮುಂಬಾಗಿಲು ತೆಗೆದು ಒಳಗೆ ಕೂತದ್ದು ಕಂಡಿತು. ಹೆಂಡತಿಯ ಹತ್ತಿರ ಕೂರುವ ಆಸೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇಳಿದು ಬಾಗಿಲು ಹಾಕಿಕೊಂಡು ಹೋದರು. ನಾನು ಇಂಜಿನ್ನಿನ ಸದ್ದಿಗೆ ಕಿವಿ ಕೊಟ್ಟುಕೊಂಡೇ ಇದ್ದೆ.

ಬಿಸಿಲು ಇಳಿಯುವ ಮೊದಲೇ ಆ ಸದ್ದು ಕೆಮ್ಮಿತು. ಒಂದೆರಡು ಸಲ ಎಳೆದು, ಇಂಜಿನ್ ನಿಂತೇಹೋಯಿತು.

ಮುಟ್ಟಬೇಡ ಅಂದ ಅಯ್ನೋರೇ “ಬಾರ್ಲಾ ಬೇಗ” ಎಂದು ಕೂಗಿದರು. ಓಡಿದೆ. ಬಾನೆಟ್ ಎತ್ತಿ ಮುಚ್ಚಳ ಬಿಚ್ಚಿದೆ. ನೀರು ತುಂಬಿಯೇ ಇತ್ತು, ತಂತಿ ಬಿಗಿಯಾಗಿಯೇ ಇತ್ತು. ಆದರೆ ಬ್ಯಾಟರಿಯಲ್ಲಿ ಹಾರ್ನ್ ಹೊಡೆಯುವಷ್ಟೂ ಜೀವವಿಲ್ಲ. ಇದು ಹೇಗಾಯಿತು ಎಂದು ತಲೆ ಕೆಟ್ಟು ಡ್ರೈವರ್ ಸೀಟಿಗೆ ಬಂದು ಕೂತೆ. ಆಗ ಕಂಡಿತು. ಮುಂದಿನ ದೊಡ್ಡ ದೀಪದ ಗುಂಡಿ ಪೂರಾ ಈಚೆಗೆ ಎಳೆದಿತ್ತು. ಗುಂಡಿಯ ಮೇಲೆ ವಿಭೂತಿಯ ಬೆರಳಚ್ಚು.

ಆ ದೀಪ ಮಾದಯ್ಯನವರಿಗೆ ಗೊತ್ತಿತ್ತು. ಹಿಂದಿನ ಸುಗ್ಗಿಯಲ್ಲಿ ಅವರ ರಾಗಿ ಹೊಲಕ್ಕೆ ಆನೆ ನುಗ್ಗಿದಾಗ, ದಾರಿಯಲ್ಲಿ ಬರುತ್ತಿದ್ದ ನಾನು ಕಾರು ತಿರುಗಿಸಿ ಅದೇ ದೀಪವನ್ನು ಕಣ್ಣಿಗೆ ಹಾಯಿಸಿ ಓಡಿಸಿದ್ದೆ. ಗುಂಡಿ ಯಾವುದು ಎಂದು ಅವತ್ತು ಕೇಳಿ ತಿಳಿದುಕೊಂಡಿದ್ದರು. ಆನೆಯೇ ಹೆದರುವ ದೀಪ ಇರುವಾಗ ಹೆಂಡತಿಗೆ ಮಿಣುಕು ದೀಪ ಯಾಕೆ ಎಂದುಕೊಂಡಿರಬೇಕು. ಆ ಬಿಸಿಲಿನಲ್ಲಿ, ಗೋಡೆಗೆ ಮುಖ ಮಾಡಿದ್ದ ದೀಪ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬ್ಯಾಟರಿಯನ್ನು ಹೀರಿ ತಾನೂ ಆರಿಹೋಗಿದ್ದ ಆ ದೀಪದ ಗುಂಡಿಯನ್ನು ನಾನು ಒಳಕ್ಕೆ ಒತ್ತಿ, ಹೆಗಲ ಟವೆಲ್ಲಿನಿಂದ ವಿಭೂತಿ ಒರೆಸಿಬಿಟ್ಟೆ. ಯಾಕೆ ಒರೆಸಿದೆ ಎಂದು ಆಗ ಯೋಚಿಸಲಿಲ್ಲ.

ಹುಡುಗರು ಕಾರು ತಳ್ಳಿದರು. ಹೆಣ ಕೂತ ಕಾರನ್ನು ಮನೆ ಮುಂದೆ ಹಿಂದಕ್ಕೂ ಮುಂದಕ್ಕೂ ತಳ್ಳುವ ಆ ನೋಟ ನನ್ನ ಶತ್ರುವಿಗೂ ಬೇಡ. ಇಂಜಿನ್ ಹಿಡಿಯಲಿಲ್ಲ. ಮೂರನೆಯ ಸಲ ಕುಲುಕಿದಾಗ ಶಾಂತಮಲ್ಲಮ್ಮನವರು ಪಕ್ಕಕ್ಕೆ ವಾಲಿ ಗಾಜಿಗೆ ಹಣೆ ತಾಗಿಸಿದರು. ಹೆಂಗಸರು ಬಾಯಿ ಬಡಿದುಕೊಂಡರು. ಕ್ವಾರಿಗೆ ಸೈಕಲ್ ಕಳಿಸಿದರೆ ಬೇರೆ ಬ್ಯಾಟರಿ ತರಬಹುದು ಎಂದು ನಾನು ಹೇಳುತ್ತಲೇ ಇದ್ದೆ, ಕೇಳುವವರಿರಲಿಲ್ಲ. ತಂಪು ಹೋದ ಕಾರು ಕಾದ ಹೆಂಚಾಗಿತ್ತು. ಬಾಗಿಲು ತೆಗೆದರೆ ಹತ್ತಿರ ನಿಲ್ಲುವ ಹಾಗಿರಲಿಲ್ಲ. ಮೂಗಿನಿಂದ ನೀರಿಳಿದು ಮುಖದ ವಿಭೂತಿ ಕದಡಿತ್ತು. ಯಾರೋ ಸೆರಗೆಳೆದು ಮುಖ ಮುಚ್ಚಿದರು.

“ಸಾಕು, ಇನ್ನು ಕಾಯ್‌ಬಾರ್ದು” ಎಂದರು ಅಯ್ನೋರು. ಮಾದಯ್ಯನವರು ಅವರ ಕಾಲು ಹಿಡಿದರು, “ಇನ್ನೊಂದ್ ಗಳಿಗೆ, ಬಸ್ ಬಂದುಬುಡ್ತದೆ” ಎಂದರು. ಬಸ್ಸು ಬರಲು ಗಳಿಗೆಯಲ್ಲ, ಬಹಳ ಹೊತ್ತಿತ್ತು. ಹೊಲದಲ್ಲಿ ಗುಣಿ ಬೆಳಿಗ್ಗೆಯೇ ಸಿದ್ಧವಾಗಿತ್ತು.

ಗುರುಮಲ್ಲಪ್ಪನವರು ಬಂದಾಗ ಹೊತ್ತು ಮುಳುಗುತ್ತಿತ್ತು. ತಂಗಿಗೆ ಉಡಿಸಲು ಹಸಿರು ಸೀರೆ ತಂದಿದ್ದರು, ಮೇಲೆ ವೀಳ್ಯದೆಲೆ. ಹಸಿ ಮಣ್ಣು ನೋಡಿ, ಮಾದಯ್ಯನವರನ್ನು ನೋಡಿ, “ಕಾಯ್ತೀನಿ ಅಂದಿದ್ಯಲ್ಲ” ಎಂದರು. ಅಷ್ಟೇ. ಬಯ್ದಿದ್ದರೆ ವಾಸಿಯಾಗಿತ್ತು.

ಊರವರೆಲ್ಲ ನನ್ನ ಕಡೆ ತಿರುಗಿದರು. ಮುಟ್ಟಬಾರದವನು ತಪ್ಪು ಹೊರಲಿಕ್ಕೆ ಮಾತ್ರ ಎಲ್ಲರ ಕೈಗೂ ಸಿಗುತ್ತಾನೆ. ಕೊರಳವರೆಗೆ ಬಂತು ಸತ್ಯ. ಆದರೆ ಆ ಮುದುಕನ ಮುಖ ನೋಡಿದೆ. ಹೆಂಡತಿಗೆ ಕೊಟ್ಟ ಕೊನೆಯ ಮಾತು ಮುರಿದವನು ನೀನೇ, ನಿನ್ನ ಪ್ರೀತಿಯೇ ಮುರಿದದ್ದು ಎಂದು ಯಾವ ಬಾಯಲ್ಲಿ ಹೇಳಲಿ?

“ನಂದೇ ತೆಪ್ಪು ಬುದ್ಧಿ. ಬ್ಯಾಟ್ರಿಗೆ ನೀರ್ ಆಕಿರ್ನಿಲ್ಲ” ಎಂದೆ.

ಗುರುಮಲ್ಲಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೀರೆಯನ್ನು ಮಣ್ಣಿನ ಮೇಲೆ ಹಾಸಿ, ಅದೇ ಬಸ್ಸು ತಿರುಗಿ ಬರುವುದನ್ನು ಕಾಯಲು ರಸ್ತೆಗೆ ಹೋಗಿ ನಿಂತರು. ಮನೆಯಲ್ಲಿ ಒಂದು ಲೋಟ ನೀರೂ ಕುಡಿಯಲಿಲ್ಲ.

ಮೊದಲಾಳಿ ಬಂದ ದಿನವೇ ನನ್ನನ್ನು ಕೆಲಸದಿಂದ ತೆಗೆದರು. ಬಂಡೆ ಕೈತಪ್ಪಿತು ಎಂಬ ಸಿಟ್ಟು ಅವರಿಗೆ. ಬ್ಯಾಟರಿಗೆ ನೀರು ಹಾಕದ ಡ್ರೈವರಿಗೆ ಬೆಟ್ಟದಲ್ಲಿ ಇನ್ನು ಯಾರು ಗಾಡಿ ಕೊಡುತ್ತಾರೆ? ಕೇತಮ್ಮನಿಗೂ ನಿಜ ಹೇಳಲಿಲ್ಲ. ಅವಳು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು; ಭಾನುವಾರಗಳನ್ನು ಕಂಡವಳು ಅವಳು.

ತಿಂಗಳು ಕಳೆದ ಮೇಲೆ, ಕೂಲಿ ಹುಡುಕಿಕೊಂಡು ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮಾದಯ್ಯನವರು ಕಂಡರು. ತಪ್ಪಿಸಿಕೊಳ್ಳೋಣ ಎನ್ನುವಷ್ಟರಲ್ಲಿ ಅವರೇ ಬಂದು ಎದುರು ನಿಂತರು. ಅರ್ಧಕ್ಕರ್ಧ ಇಳಿದುಹೋಗಿದ್ದರು.

“ಒಂದ್ ಮಾತು ಕೇಳ್‌ಬೇಕಿತ್ತು ಕಣ್ಲಾ ಸಿದ್ದ. ಅವತ್ತು ನಾನು ಆ ದೊಡ್ ದೀಪ ಆಕಿದ್ದೆ, ಆನೆ ಓಡ್ಸಿದ್ಯಲ್ಲ, ಅದ್ನ. ನಿಂಗೆ ಯೋಳ್ನಿಲ್ಲ. ಕಾರು ನಿಂತೋಯ್ತಲ್ಲ, ಆಗ ಆ ದೀಪಾನೂ ಆರೋಗಿತ್ತಾ?”

ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

“ಇಲ್ಲ ಬುದ್ಧಿ. ಅಮ್ಮೋರ್ನ ಕೆಳಕ್ಕಿಳ್ಸೋಗಂಟ ಉರೀತಾನೇ ಇತ್ತು. ಆಮ್ಯಾಕೆ ನಾನೇ ಆರಿಸ್ದೆ.”

ಅವರು ತಲೆಯಾಡಿಸಿದರು. “ಅಷ್ಟಾದ್ರೂ ಆಯ್ತಲ್ಲ. ಕತ್ಲಲ್ಲಿ ಓಗ್ನಿಲ್ಲ ಅವ್ಳು” ಎಂದು ಕಣ್ಣೊರೆಸಿಕೊಂಡರು. ಹೊರಟವರು ಏನೋ ನೆನಪಾಗಿ ನಿಂತು, ತಿರುಗಿ ನೋಡಿದರು.

“ಇನ್ ಮ್ಯಾಲಾದ್ರೂ ಬ್ಯಾಟ್ರಿಗೆ ಸರ್ಯಾಗಿ ನೀರ್ ಆಕೋದ್ ಕಲ್ತ್ಕಳ್ಳಾ.”

“ಆಯ್ತು ಬುದ್ಧಿ” ಎಂದೆ.