ಹೊಟ್ಟೆ ಅಂದ್ರೆ ಎಲ್ಲಿ

"ಹೊಟ್ಟೆ ಅಂದ್ರೆ ಎಲ್ಲಿ?"

ಡಾಕ್ಟರಮ್ಮ ಕೇಳಿದ್ದು ಮೇಷ್ಟ್ರ ಮಗಳನ್ನು. ಬಾಯಿ ಹಾಕಿದ್ದು ಮೇಷ್ಟ್ರು. ಒಂದು ವರ್ಷದಿಂದ ನೋವು ಬಂದು ಹೋಗಿ ಮಾಡುತ್ತಿದೆ, ಜೀರ್ಣಾಂಗವ್ಯೂಹದ್ದೇ ತೊಂದರೆ ಅಂತ ತಮ್ಮ ಅಂದಾಜು, ಹುಡುಗಿ ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಡಾಕ್ಟರಮ್ಮ ಅವರ ಕಡೆ ತಿರುಗಿಯೂ ನೋಡದೆ, ಆಸ್ಪತ್ರೆಯ ಮಂಚದ ಮೇಲೆ ಮುದುಡಿಕೊಂಡಿದ್ದ ಹುಡುಗಿಗೆ ಕೈಯಿಟ್ಟು ತೋರಿಸುವಂತೆ ಹೇಳಿದರು. ಮಗಳ ಕೈ ಹೊಕ್ಕುಳು ದಾಟಿ ಕೆಳಕ್ಕೆ ಸರಿಯಿತು. ಮೇಷ್ಟ್ರು ತಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿ, ಸೋಪು ಹಚ್ಚಿ ಕೈ ತೊಳೆಯುವುದು ಹೇಗೆಂದು ಅಲ್ಲಿ ಅಂಟಿಸಿದ್ದ ಹಾಳೆಯನ್ನು ಶ್ರದ್ಧೆಯಿಂದ ಓದತೊಡಗಿದರು.

ಶಾಲೆಯಲ್ಲಿ ಅವರಿಗೆ ವ್ಯೂಹದ ಮೇಷ್ಟ್ರು ಎಂದೇ ಹೆಸರು. ದೇಹವೆಂದರೆ ಒಂದು ಸೈನ್ಯ, ಅದರೊಳಗೆ ವ್ಯೂಹದ ಪಕ್ಕ ವ್ಯೂಹ ಎಂದು ಅವರು ಎದೆಯುಬ್ಬಿಸಿ ಪಾಠ ಶುರು ಮಾಡಿದರೆ ಕೊನೆಯ ಬೆಂಚಿನವರೂ ಪಿಸುಮಾತು ನಿಲ್ಲಿಸುತ್ತಿದ್ದರು. ಇವರ ವ್ಯೂಹದೊಳಗೆ ಹೋಗುವುದು ಸುಲಭ, ಗಂಟೆ ಹೊಡೆಯದೆ ಹೊರಗೆ ಬರುವುದು ಕಷ್ಟ ಎಂದು ಮಕ್ಕಳು ನಗುತ್ತಿದ್ದರು. ನಕ್ಕರೂ ಕಲಿಯುತ್ತಿದ್ದರು, ಅದನ್ನು ಅಲ್ಲಗಳೆಯುವಂತಿಲ್ಲ. ಒಂದು ತುತ್ತು ಬಾಯಿಂದ ಹೊರಟು ಎಲ್ಲೆಲ್ಲಿ ಏನೇನಾಗುತ್ತದೆ ಎಂದು ಅವರು ಹೇಳಿದರೆ ಕೇಳುವವರ ಹೊಟ್ಟೆ ಚುರುಗುಟ್ಟುತ್ತಿತ್ತು. ರಕ್ತ ಹೃದಯದ ಕೋಣೆಗಳನ್ನು ಹಾದುಹೋಗುವ ದಾರಿಯನ್ನು ಅವರು ಬೆಂಚುಗಳ ನಡುವೆ ಓಡಾಡಿಯೇ ತೋರಿಸುತ್ತಿದ್ದರು.

ಪಾಠಕ್ಕೆ ಒಂದು ಬಟ್ಟೆಯ ಪಟವಿತ್ತು, ಆಳೆತ್ತರದ್ದು. ಗೋಡೆಗೆ ನೇತುಹಾಕುವ ಮುಂಚೆ ಮೇಷ್ಟ್ರು ಅದರ ಕೆಳಭಾಗವನ್ನು ಸೊಂಟದವರೆಗೆ ಸುರುಳಿ ಸುತ್ತಿ ಎರಡೂ ಕಡೆ ಕ್ಲಿಪ್ಪು ಹಾಕುತ್ತಿದ್ದರು. ಮೂತ್ರಪಿಂಡ ಕಾಣುತ್ತಿತ್ತು, ಅಲ್ಲಿಂದ ಮುಂದಿನದ್ದು "ಹೊರಕ್ಕೆ" ಎಂಬ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಕೊನೆಯ ವ್ಯೂಹ ಬಂದಾಗ ಪುಸ್ತಕ ಮುಚ್ಚಿ, "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಪಟ ಇಳಿಸುತ್ತಿದ್ದರು. ಹಾಗಂತ ಪರೀಕ್ಷೆಯಲ್ಲಿ ಬಿಡುತ್ತಿರಲಿಲ್ಲ. ಅಂಡಾಶಯ, ಗರ್ಭಾಶಯ ಎಲ್ಲವೂ ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿ ಬರುತ್ತಿದ್ದವು. ಕಾಗುಣಿತ ತಪ್ಪಿದರೆ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ಅಷ್ಟು ವರ್ಷ ಬರೆದ, ತಿದ್ದಿದ ಆ ಪದಗಳನ್ನು ಅವರ ನಾಲಿಗೆ ಒಮ್ಮೆಯೂ ಆಡಿರಲಿಲ್ಲ. ಮಗಳೂ ಅದೇ ತರಗತಿಯ ಮೂರನೇ ಬೆಂಚಿನಲ್ಲಿ ಕೂತು, ಅಪ್ಪನನ್ನು ಸರ್ ಎಂದು ಕರೆದು, ಮನೆಗೆ ಬಂದು ಓದಿಕೊಂಡವಳೇ. ಓದಿಕೊಂಡದ್ದರ ಬಗ್ಗೆ ಏನನ್ನೂ ಕೇಳುವ ಹಾಗಿರಲಿಲ್ಲ, ಅಷ್ಟೆ.

ಮನೆಯಲ್ಲಿ ಇದಕ್ಕೆಲ್ಲ ಇದ್ದದ್ದು ಒಂದೇ ಮಾತು: ಹೊಟ್ಟೆನೋವು. ತಾಯಿ ಮಗಳ ನಡುವೆ ಅದಕ್ಕೆ ಒಂದು ಅರ್ಥ, ಮೇಷ್ಟ್ರ ಕಿವಿಗೆ ಬೀಳುವಾಗ ಇನ್ನೊಂದು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಮಗಳು ಸಂಜೆ ಬಂದವಳೇ ಚಾಪೆಯ ಮೇಲೆ ಮಂಡಿ ಮಡಚಿ ಮಲಗಿಬಿಡುತ್ತಿದ್ದಳು. ಹೆಣ್ಣಾದ ಮೇಲೆ ಇದ್ದದ್ದೇ, ಎಲ್ಲರಿಗೂ ಆಗುತ್ತೆ, ಹಲ್ಲು ಕಚ್ಚಿ ಸಹಿಸಿಕೋ ಎಂದು ತಾಯಿ ಒಲೆಯ ಕಡೆ ತಿರುಗುತ್ತಿದ್ದಳು. ಮೇಷ್ಟ್ರ ಮುಂದೆ ಹೊಟ್ಟೆನೋವು ಎಂದಷ್ಟೇ ಹೇಳಿದರೆ ಸಾಕು, ಖಾರ ಬಿಡು, ಚೆನ್ನಾಗಿ ಅಗಿದು ನುಂಗು ಎಂದು ಪಾಠವೇ ಶುರುವಾಗುತ್ತಿತ್ತು. ಬೀದಿ ಕೊನೆಯ ಡಾಕ್ಟರು ಅವರ ಸ್ನೇಹಿತ. ಮಗಳನ್ನು ಕರೆದುಕೊಂಡು ಹೋಗುವ ತಾಪತ್ರಯವಿಲ್ಲದೆ ಲಕ್ಷಣಗಳನ್ನೆಲ್ಲ ತಾವೇ ವಿವರಿಸಿ ಗ್ಯಾಸಿನ ಮಾತ್ರೆ ತರುತ್ತಿದ್ದರು. ಮೇಷ್ಟ್ರು ಇಷ್ಟು ಬಿಡಿಸಿ ಹೇಳಿದರೆ ನಾನು ನೋಡುವುದಾದರೂ ಏನಿದೆ ಎಂದು ಆ ಸ್ನೇಹಿತ ನಗುತ್ತಿದ್ದ. ಮೇಷ್ಟ್ರಿಗೆ ಅದು ಹೊಗಳಿಕೆಯಾಗಿ ಕೇಳುತ್ತಿತ್ತು.

ಇವತ್ತು ಮಗಳು ಅಂಗಡಿಯಲ್ಲೇ ಕುಸಿದು ಬಿದ್ದಿದ್ದಳು. ಅಂಗಡಿಯವರೇ ಆಸ್ಪತ್ರೆಗೆ ತಂದು ಮೇಷ್ಟ್ರಿಗೆ ಫೋನ್ ಮಾಡಿದ್ದರು. ಸ್ಕ್ಯಾನು ಆದ ಮೇಲೆ ಡಾಕ್ಟರಮ್ಮ ಮೇಷ್ಟ್ರನ್ನು ಪಡಸಾಲೆಗೆ ಕರೆದು ಸುತ್ತಿಬಳಸದೆ ಹೇಳಿದರು. ಎರಡೂ ಅಂಡಾಶಯಗಳಲ್ಲಿ ಗಡ್ಡೆ ಬೆಳೆದಿದೆ. ಒಂದನ್ನು ತೆಗೆಯಲೇಬೇಕು, ಇನ್ನೊಂದು ಉಳಿಯುತ್ತದೋ ಇಲ್ಲವೋ ಒಳಗೆ ನೋಡಿದ ಮೇಲೆಯೇ ಗೊತ್ತಾಗುವುದು. ಅದೂ ಹೋದರೆ ಮುಂದೆ ಮಕ್ಕಳಾಗುವ ಮಾತು ಕಷ್ಟ. ಆರಂಭದಲ್ಲೇ ಬಂದಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ. ಸಹಿ ಹುಡುಗಿಯದ್ದೇ ಬೇಕು, ಅವಳಿಗೆ ಎಲ್ಲ ಅರ್ಥವಾಗಿರಬೇಕು. "ನೀವು ವಿಜ್ಞಾನ ಹೇಳ್ಕೊಡೋರಂತೆ. ನೀವೇ ಮೊದಲು ನಿಧಾನವಾಗಿ ಹೇಳಿ, ಆಮೇಲೆ ನಾನು ಬರ್ತೀನಿ."

ಮೇಷ್ಟ್ರು ಮಗಳ ಪಕ್ಕದ ಸ್ಟೂಲಿನ ಮೇಲೆ ಕೂತರು. ಸೂಜಿ ಚುಚ್ಚಿದ್ದ ಅವಳ ಕೈಯನ್ನು ಮುಟ್ಟಬೇಕೆನ್ನಿಸಿತು, ಮುಟ್ಟಲಿಲ್ಲ. ಗಂಟಲು ಸರಿಮಾಡಿಕೊಂಡು, ನಮ್ಮ ದೇಹ ಅಂದರೆ ಜೀವಕೋಶಗಳಿಂದ ಆದದ್ದು ಎಂದು ಶುರು ಮಾಡಿದರು. ಜೀವಕೋಶ ಸೇರಿ ಅಂಗಾಂಶ, ಅಂಗಾಂಶ ಸೇರಿ ಅಂಗ, ಅಂಗಗಳು ಸೇರಿ ವ್ಯೂಹ. ಮಾತು ತನ್ನ ಹಳೆಯ ದಾರಿ ಹಿಡಿದು ಸರಾಗವಾಗಿ ಹರಿಯಿತು. ಉಸಿರಾಟಕ್ಕೆ ಬಂದರು, ರಕ್ತಕ್ಕೆ ಬಂದರು, ಮೂತ್ರಪಿಂಡಕ್ಕೂ ಬಂದರು. ಮಗಳು ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಸೊಂಟದ ಹತ್ತಿರ ಬರುತ್ತಲೇ ಮಾತು ನಿಂತಿತು.

"ಅಪ್ಪ, ನನಗೆ ಏನು ತೆಗೀತಾರೆ?"

"ಒಂದು ಗಡ್ಡೆ. ಹೊಟ್ಟೇಲಿ."

"ಹೊಟ್ಟೇಲಿ ಅಂದ್ರೆ?"

"ಕೆಳಗಡೆ."

"ಅದಕ್ಕೆ ಹೆಸರಿಲ್ವಾ?"

ಹೆಸರು ಅವರ ಬಾಯಿಯ ತನಕ ಬಂದಿತ್ತು. ಅಲ್ಲಿಂದ ಮುಂದಕ್ಕೆ ನಾಲಿಗೆ ಹೊರಳಲಿಲ್ಲ. ಮಗಳ ಮುಖ ನೋಡಲಾಗದೆ ಹೊದಿಕೆಯ ಅಂಚನ್ನು ನೇರ ಮಾಡಿದರು, ಮತ್ತೆ ಮಾಡಿದರು. ಡಾಕ್ಟರು ಬರುತ್ತಾರೆ, ಎಲ್ಲ ಸರಿಯಾಗಿ ಹೇಳುತ್ತಾರೆ ಎಂದರು.

"ನಿಮಗೆ ಗೊತ್ತು," ಎಂದಳು ಮಗಳು. ದನಿ ಏರಲಿಲ್ಲ. "ಎಲ್ಲಾ ಗೊತ್ತಿತ್ತು ನಿಮಗೆ. ನಾನು ಬೆಳಿಗ್ಗೆ ಸಂಜೆ ಗ್ಯಾಸಿನ ಮಾತ್ರೆ ನುಂಗಿದೆ. ತಿಂಗಳಿಗೆ ಸರಿಯಾಗಿ ನೋವು ಬರುತ್ತೆ ಅಂತ ಹೇಳೋಕೆ ಎಷ್ಟು ಸಲ ನಿಮ್ಮ ಮುಂದೆ ಬಂದು ನಿಂತಿದ್ದೀನಿ. ನೀವು ಪೇಪರ್ ಎತ್ತಿ ಮುಖ ಮುಚ್ಕೋತಿದ್ರಿ."

ಆ ನಿಲ್ಲುವಿಕೆ ಅವರಿಗೆ ಗೊತ್ತಿತ್ತು. ಬಾಗಿಲ ಚೌಕಟ್ಟಿಗೆ ಒರಗಿ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಲ್ಲುತ್ತಿದ್ದ ಮಗಳು ಏನೋ ಹೇಳಲಿದ್ದಾಳೆ ಎಂದು ಅನ್ನಿಸಿದಾಗಲೆಲ್ಲ, ಎಲ್ಲಿ ಹೇಳಿಬಿಡುತ್ತಾಳೋ ಎಂದೇ ಅವರಿಗೆ ಭಯವಾಗುತ್ತಿತ್ತು. ಅವಳು ಸುಮ್ಮನೆ ಒಳಗೆ ಹೋದರೆ ಎದೆಯ ಭಾರ ಇಳಿದಂತಾಗುತ್ತಿತ್ತು.

ಡಾಕ್ಟರಮ್ಮ ಒಂದು ಬಿಳಿ ಹಾಳೆ, ಪೆನ್ನು ಹಿಡಿದು ಬಂದರು. ಹಿಂದೆಯೇ ಬಂದ ನರ್ಸು, ಗಂಡಸರು ಸ್ವಲ್ಪ ಹೊರಗಿರಬೇಕು ಎಂದಳು. ಮಗಳು ಅವರಿಗೆ ಇರಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ಹಾಳೆಯ ಕಡೆಗೆ ನೋಡುತ್ತಿದ್ದಳು. ನರ್ಸಿನ ಮಾತು ಮುಗಿಯುವ ಮುಂಚೆಯೇ ಮೇಷ್ಟ್ರು ಎದ್ದಿದ್ದರು. ಸದ್ಯ, ಬದುಕಿಕೊಂಡೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಆದರೂ ಕಾಲು ನಿಲ್ಲಲಿಲ್ಲ.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಡಾಕ್ಟರಮ್ಮ ಕೈ, ಕಾಲು, ಮೂಗು ಎಂದಷ್ಟೇ ಸಲೀಸಾಗಿ ಆ ಪದ ಹೇಳಿದರು. ಮಗಳು ಅದನ್ನು ತಾನೂ ಒಮ್ಮೆ ಹೇಳಿದಳು. ಆಮೇಲೆ ಏನೋ ಕೇಳಿದಳು. ಉತ್ತರ ಬರುತ್ತಲೇ ಇನ್ನೊಂದು ಕೇಳಿದಳು, ಮತ್ತೊಂದು ಕೇಳಿದಳು. ಮೇಷ್ಟ್ರ ತರಗತಿಯಲ್ಲಿ ಅವಳು ಒಂದು ಸಲವೂ ಕೈಯೆತ್ತಿದವಳಲ್ಲ.

ನೆಲ ಒರೆಸುವ ಹೆಂಗಸು ಬಕೆಟ್ಟು ತಳ್ಳಿಕೊಂಡು ಬಂದು, ಸ್ವಲ್ಪ ಸರೀರಿ ಯಜಮಾನ್ರೇ ಎಂದಳು. ಮೇಷ್ಟ್ರು ಸರಿದರು. ಒದ್ದೆಯಾದ ನೆಲ ಅವರತ್ತ ಬಂದಂತೆಲ್ಲ ಇನ್ನಷ್ಟು ಸರಿಯುತ್ತ ಪಡಸಾಲೆಯ ತಿರುವಿಗೆ ಬಂದು ನಿಂತರು. ಅಲ್ಲಿಗೆ ಮಗಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.