ಟೈಲರ್ ಯಜಮಾನರ ಹೊಲಿಯದ ಗಾಯ

ನನ್ನ ಯಜಮಾನರು ಟೈಲರ್. ಹೊಲಿಗೆ ಬಿಚ್ಚಿದ ಬಟ್ಟೆ ಕಂಡರೆ ಅವರಿಗೆ ತಡೆಯುವುದಿಲ್ಲ. ನೆಂಟರ ಮನೆಯಲ್ಲೂ ದಿಂಬಿನ ಚೀಲ ಹಿಡಿದು ಸೂಜಿ ಕೇಳುತ್ತಾರೆ. ಅಂಥವರಿಗೆ ಪಿಲೊನೈಡಲ್ ಸೈನಸ್ ಆಯಿತು. ಬೆನ್ನು ಮುಗಿದು ಪೃಷ್ಠದ ಸೀಳು ಶುರುವಾಗುವಲ್ಲಿ ಕೂದಲು ಚರ್ಮದೊಳಗೆ ಹೊಕ್ಕು ಕೀವು ಕಟ್ಟುವ ಕಾಯಿಲೆ ಅದು. ಡಾಕ್ಟರು ಆಪರೇಷನ್ ಮಾಡಿ, ಗಾಯ ಹೊಲಿಯದೆ ಡ್ರೆಸಿಂಗ್ ಹಾಕಿ ಕಳಿಸಿದರು. ಶುರುವಾಯಿತು ನನ್ನ ಗ್ರಹಚಾರ.

"ಕತ್ತರಿಸಿ ಹೊಲಿಯದೆ ಬಿಡೋದು ಯಾವ ಸೀಮೆ ಕೆಲಸ? ಪಕ್ಕದ ಮನೆ ಡ್ರೈವರ್‌ಗೂ ಇದೇ ಆಗಿತ್ತು. ಹೊಲಿದ್ರು, ಬೇಗ ಗಾಡಿ ಹತ್ತಿದ. ನಾನು ಮಿಷನ್ ಮುಂದೆ ಕೂರೋದು ಯಾವಾಗ?"

"ನಿಧಾನ ಆಗುತ್ತೆ ಅಂತ ಡಾಕ್ಟರೇ ಹೇಳಿದಾರಲ್ರೀ," ಎಂದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಒಂದು ಬೆಳಿಗ್ಗೆ ಡ್ರೆಸಿಂಗ್ ಬದಲಿಸಲು ಬಂದ ನರ್ಸ್ ಬಟ್ಟೆ ಸರಿಸಿ ನನ್ನನ್ನು ಕರೆದು ತೋರಿಸಿದರು. ಈ ಮಹಾರಾಯರು ಕನ್ನಡಿ ನೋಡಿಕೊಂಡು, ಗಾಯದ ಎರಡೂ ಅಂಚು ಎಳೆದು, ಸಾಲಾಗಿ ಅಂಟುಪಟ್ಟಿ ಬಿಗಿದಿದ್ದರು. ಒಳಗೆ ಕೀವು.

"ನಿಮ್ಮ ಮೈ ಏನು ಪ್ಯಾಂಟಾ?" ಎಂದೆ. ಅಳು, ಕೋಪ ಎರಡೂ ಒಟ್ಟಿಗೆ ಬಂದವು.

ನರ್ಸ್ ಮಾತ್ರ ತಾಳ್ಮೆಯಿಂದ ಕೇಳಿದರು. "ಅಣ್ಣ, ಕೋಟಿನ ಒಳಗೆ ಲೈನಿಂಗ್ ಹರಿದಿರುವಾಗ ಮೇಲಷ್ಟೇ ಹೊಲಿದು ಕೊಡ್ತೀರಾ?"

"ಛೆ, ಅದು ಮೋಸ."

"ಇದೂ ಅಷ್ಟೇ. ಹೊಲಿಯದ ಗಾಯ ತಳದಿಂದ ತುಂಬಿಕೊಂಡು ಬರಬೇಕು. ಮೇಲೆ ಮೊದಲೇ ಮುಚ್ಚಿದ್ರೆ ಕೀವು ಒಳಗೇ ಉಳಿಯುತ್ತೆ. ಮತ್ತೆ ಆಪರೇಷನ್ ಬೇಕಾಗಬಹುದು."

"ಹಾಗಾದ್ರೆ ಪಕ್ಕದ ಮನೆ ಡ್ರೈವರ್‌ಗೆ ಹೊಲಿದಿದ್ದು ತಪ್ಪಾ?"

"ತಪ್ಪಲ್ಲ. ಹೊಲಿದ್ರೆ ಬೇಗ ಮಾಯುತ್ತೆ. ಆದ್ರೆ ಕಾಯಿಲೆ ಮರಳಿ ಬರೋ ಸಾಧ್ಯತೆ ಸ್ವಲ್ಪ ಹೆಚ್ಚು. ನಟ್ಟನಡುವೆ ಹೊಲಿಯೋದಕ್ಕಿಂತ ಪಕ್ಕಕ್ಕೆ ಸರಿಸಿ ಹೊಲಿಯೋದು ಒಳ್ಳೇದು. ಅವರಿಗೂ ನಾನೇ ಡ್ರೆಸಿಂಗ್ ಮಾಡಿದ್ದು, ಹಾಗೇ ಪಕ್ಕಕ್ಕೆ ಹೊಲಿದಿದ್ರು. ನಿಮಗೆ ಕೀವು ತುಂಬಿತ್ತು, ಅದಕ್ಕೇ ಹೊಲಿಯದೆ ಬಿಟ್ಟಿದ್ದು."

ಯಜಮಾನರು, "ಹೌದು, ನಡುವೆ ಎಳೆತ ಜಾಸ್ತಿ. ಪ್ಯಾಂಟೂ ಅಲ್ಲೇ ಬಿಚ್ಚೋದು," ಎಂದು ಗೊಣಗಿದರು. ಅಂತೂ ತಲೆಗೆ ಹೋಯಿತು.

ಅಂದೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಗಾಯ ಬಿಡಿಸಿ ತೊಳೆದರು. ಪುಣ್ಯಕ್ಕೆ ಇನ್ನೊಂದು ಆಪರೇಷನ್ ತಪ್ಪಿತು, ಆದರೆ ಮಾಯುವುದು ಮತ್ತಷ್ಟು ತಡವಾಯಿತು.

ಇದು ನಾಚಿಕೆಯ ಜಾಗವೆಂದು ಬಾಯಿ ಮುಚ್ಚಿಕೊಂಡಿರಬೇಡಿ. ಗಾಯ ಹೊಲಿಯುತ್ತೀರಾ, ಬಿಡುತ್ತೀರಾ, ಹೊಲಿದರೆ ನಡುವೆಯೋ ಪಕ್ಕಕ್ಕೋ, ಮನೆಯಲ್ಲಿ ಆರೈಕೆ ಹೇಗೆ ಎಂದು ಆಪರೇಷನ್‌ಗೆ ಮೊದಲೇ ಡಾಕ್ಟರನ್ನು ಕೇಳಿ. ಪಕ್ಕದ ಮನೆಯವರ ಗಾಯಕ್ಕೆ ನಿಮ್ಮದನ್ನು ಹೋಲಿಸಬೇಡಿ. ನಮ್ಮ ಯಜಮಾನರು ಈಗಲೂ ನಿಂತೇ ಬಟ್ಟೆ ಕತ್ತರಿಸುತ್ತಾರೆ, ಮಿಷನ್ ಮುಂದೆ ಕೂರುವಂತಿಲ್ಲ. ಅಂಟುಪಟ್ಟಿ ನನ್ನ ಬೀರುವಿನಲ್ಲಿದೆ. ಬೀಗದ ಕೈ ನನ್ನ ಸೊಂಟದಲ್ಲಿದೆ.